ನಾಲ್ಕು ಇಂಚು ಎತ್ತರಿಸಿದ ವ್ಯಾನು

ನನ್ನ ತಮ್ಮನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ. ಅಮ್ಮ, ನನ್ನ ಗಂಡ, ಊರಿನ ನಾಲ್ಕು ಜನ ದೊಡ್ಡವರು ಎಲ್ಲರೂ ಹೇಳಿ ನೋಡಿದ್ದಾರೆ. ಒಡಹುಟ್ಟಿದವನು, ಏನೋ ಕೈತಪ್ಪಿ ಆಯಿತು, ಬಿಟ್ಟುಬಿಡು ಎನ್ನುತ್ತಾರೆ. ಅವರಲ್ಲಿ ಒಬ್ಬರೂ ಆ ಬೆಳಿಗ್ಗೆ ನನ್ನ ವ್ಯಾನಿನಲ್ಲಿ ಕೂತಿರಲಿಲ್ಲ.

ನಮ್ಮದು ಕಂಬಂ ಕಣಿವೆಯಲ್ಲಿ ಬೆಟ್ಟದ ಬುಡದ ಊರು. ಸುತ್ತ ದ್ರಾಕ್ಷಿ ಚಪ್ಪರ, ಆಚೆಗೆ ಬಾಳೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಅಪ್ಪ ದ್ರಾಕ್ಷಿ ಪೆಟ್ಟಿಗೆಗಳನ್ನು ಘಾಟಿ ಹತ್ತಿಸಿ ಕೇರಳದ ಕಡೆ ಸಾಗಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು ನೋಡಿ ನೋಡಿ ನಾನು ಗಾಡಿ ಓಡಿಸುವುದನ್ನು ಕಲಿತೆ. ಓಡಿಸುವುದಷ್ಟೇ ಅಲ್ಲ, ಅಪ್ಪನ ಗಾಡಿ ಕೆಮ್ಮಿದರೆ ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಮತ್ತೆ ಜೋಡಿಸುತ್ತಿದ್ದವಳು ನಾನು. ತಮ್ಮನಿಗೆ ಆಗ ಸ್ಪ್ಯಾನರ್ ಹಿಡಿಯಲು ಬರುತ್ತಿರಲಿಲ್ಲ. ಆದರೆ ಹತ್ತನೆಯ ತರಗತಿ ಮುಗಿದ ಮೇಲೆ ಐಟಿಐಗೆ ಹೋಗಿ ಮೋಟಾರು ಕೆಲಸ ಕಲಿತವನು ಅವನು. ನನ್ನನ್ನು ಅಡುಗೆಮನೆಗೆ ಕಳಿಸಿದರು, ಎರಡು ವರ್ಷಕ್ಕೆ ಮದುವೆ ಮಾಡಿದರು. ಇದನ್ನು ನಾನು ಮರೆತಿದ್ದೇನೆ ಎಂದುಕೊಂಡಿದ್ದೆ.

ನನ್ನ ಗಂಡನಿಗೆ ದೃಷ್ಟಿ ಮಂದ. ಹಾಗಾಗಿ ಮನೆಯ ವ್ಯಾನಿನ ಸ್ಟೇರಿಂಗ್ ಮೊದಲಿಂದಲೂ ನನ್ನ ಕೈಯಲ್ಲೇ. ಅದು ಹಳೆಯ ಮಾದರಿಯ ಚಿಕ್ಕ ವ್ಯಾನು. ಎಂಜಿನ್ ಮುಂದಿನ ಸೀಟಿನ ಕೆಳಗೆ, ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ಜೀಪಿನ ಹಾಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲ. ಬಹಳ ವರ್ಷ ಅದರಲ್ಲಿ ದ್ರಾಕ್ಷಿ ಪೆಟ್ಟಿಗೆ ಹೇರಿದೆವು. ಈಗ ಆರು ವರ್ಷದಿಂದ ನಾನು ಅದರಲ್ಲಿ ಇಬ್ಬರು ಕಿಡ್ನಿ ರೋಗಿಗಳನ್ನು ತೇನಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ವಾರಕ್ಕೆ ಮೂರು ಸಲ, ಬೆಳಿಗ್ಗೆ ಆರಕ್ಕೆ ಹೊರಟು ಮಧ್ಯಾಹ್ನ ವಾಪಸ್ಸು.

ಒಬ್ಬಳು ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುತ್ತಿದ್ದವಳು, ನಿವೃತ್ತಿಯಾಗಿದ್ದಾಳೆ. ವರಸೆಯಲ್ಲಿ ನನಗೆ ಅತ್ತೆಯಾಗಬೇಕು, ಅತ್ತೆ ಎಂದೇ ಕರೆಯುತ್ತೇನೆ. ಇನ್ನೊಬ್ಬರು ದ್ರಾಕ್ಷಿ ಬಳ್ಳಿ ಸವರುವ ಕೆಲಸದಲ್ಲಿ ಕಣಿವೆಗೆಲ್ಲ ಹೆಸರಾಗಿದ್ದವರು, ಅವರನ್ನು ಮಾವ ಎನ್ನುತ್ತೇನೆ. ಮಾವನ ಜೊತೆಗೆ ಅವರ ಹೆಂಡತಿ ಬರುತ್ತಾರೆ. ಅತ್ತೆ ಒಬ್ಬಳೇ. ಅವಳ ಎಡಗೈಯಲ್ಲಿ, ಸೂಜಿ ಚುಚ್ಚುವ ಕಡೆ, ರಕ್ತನಾಳ ಹಗ್ಗದ ಹಾಗೆ ಉಬ್ಬಿದೆ. ಆ ಕೈ ಅವಳ ಪ್ರಾಣ. ಅದಕ್ಕೆ ಬಳೆ ತೊಡುವುದಿಲ್ಲ, ಅದರ ಮೇಲೆ ಮಲಗುವುದಿಲ್ಲ.

ಊರಿನಿಂದ ದೊಡ್ಡ ರಸ್ತೆಗೆ ಬರುವ ದಾರಿಯಲ್ಲಿ ಒಂದು ಹಳ್ಳವಿದೆ. ಹಳ್ಳದ ಮೇಲೆ ಕಾಂಕ್ರೀಟು ಹಾಸಿದ ಕಂಟ್ರಾಕ್ಟರು ಎರಡೂ ತುದಿಗೆ ಇಳಿಜಾರು ಮಾಡದೆ ಮೆಟ್ಟಿಲಿನ ಹಾಗೆ ಬಿಟ್ಟು ಹೋದ. ಊರವರು ಒಂದಷ್ಟು ಕಲ್ಲು ಜೋಡಿಸಿ ದಾರಿ ಮಾಡಿಕೊಂಡೆವು, ಮಳೆಗೆ ಅದೂ ಜರುಗಿತು. ಅರ್ಜಿ ಕೊಟ್ಟೆವು. ಅಳೆಯಲು ಬಂದವರು ಅಳೆದು ಹೋದರು. ಟ್ರಾಕ್ಟರು ದಾಟುತ್ತದೆ, ಬೈಕು ದಾಟುತ್ತದೆ, ನನ್ನ ವ್ಯಾನಿನ ಹೊಟ್ಟೆ ಮಾತ್ರ ದಿನಾ ಉಜ್ಜುತ್ತಿತ್ತು.

ಒಂದು ಮಧ್ಯಾಹ್ನ ತೇನಿಯಿಂದ ವಾಪಸು ಬರುವಾಗ ವ್ಯಾನು ಆ ಕಲ್ಲಿಗೆ ಜೋರಾಗಿ ಬಡಿಯಿತು. ಅತ್ತೆಯ ಕೈ ಮುಂದಿನ ಸೀಟಿನ ಕಂಬಿಗೆ ತಾಗಿತು. ಎರಡು ಗಂಟೆಯ ಹಿಂದಷ್ಟೇ ಸೂಜಿ ತೆಗೆದ ಜಾಗ ಬಾಯಿಬಿಟ್ಟು ರಕ್ತ ಚಿಮ್ಮಿತು. ನಾನು ಹಿಂದಕ್ಕೆ ಹಾರಿ, ನರ್ಸಮ್ಮ ಹೇಳಿಕೊಟ್ಟ ಹಾಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಹದಿನೈದು ನಿಮಿಷ ಹಾಗೇ ಕೂತಿದ್ದೆ. ಸೀರೆಯ ಸೆರಗು, ನನ್ನ ಮಡಿಲು ಎಲ್ಲ ಕೆಂಪು. ಅತ್ತೆ ನನ್ನನ್ನು ಬೈಯಲಿಲ್ಲ. ಹಳ್ಳದ ಕಡೆ ನೋಡಿಕೊಂಡು, ಈ ಕಲ್ಲು ಒಂದು ದಿನ ನನ್ನನ್ನು ತಗೊಂಡೇ ಹೋಗ್ತದೆ ಎಂದಳು. ಅಂದೇ ನಾನು ವ್ಯಾನು ಎತ್ತರಿಸಬೇಕೆಂದು ತೀರ್ಮಾನ ಮಾಡಿದೆ.

ತಮ್ಮನ ವರ್ಕ್‌ಶಾಪು ಬತ್ತಲಗುಂಡಿನಲ್ಲಿ, ಕೊಡೈಕನಾಲ್ ಘಾಟಿಗೆ ಹೋಗುವ ರಸ್ತೆಯಲ್ಲಿದೆ. ಹಿಂದೆಯೇ ಮನೆ, ಅಮ್ಮ ಅವನ ಜೊತೆಗಿದ್ದಾಳೆ. ಬೆಟ್ಟ ಹತ್ತುವ ಜೀಪುಗಳನ್ನು ಎತ್ತರಿಸಿ, ದಪ್ಪ ಟೈರು ಹಾಕಿ, ಫೋನಿನಲ್ಲಿ ಫೋಟೋ ಹಾಕುವುದರಲ್ಲಿ ಅವನಿಗೆ ಹೆಸರು. ಹೊರಗಿನವರ ಹತ್ತಿರ ಯಾಕೆ ಹೋಗಲಿ ಎಂದುಕೊಂಡು ವ್ಯಾನನ್ನು ಅಲ್ಲಿಗೇ ತೆಗೆದುಕೊಂಡು ಹೋದೆ. ಅವನು ಒಂದು ಸುತ್ತು ಹಾಕಿ ನೋಡಿ, ಚಕ್ರವನ್ನು ಕಾಲಿನಿಂದ ಒದ್ದ.

"ನಾಲ್ಕಿಂಚು ಏತ್ರುಸ್ಬುಡ್ತೀನಿ ಅಕ್ಕ. ಆಮೇಲೆ ಪಾರು, ಆನೆ ಮಾದ್ರಿ ಓಗ್ತದೆ ನಿನ್ ವಂಡಿ."

ಪಾರು ಎಂದರೆ ನೋಡು, ವಂಡಿ ಎಂದರೆ ಗಾಡಿ, ನಮ್ಮ ಕನ್ನಡದಲ್ಲಿ ತಮಿಳು ಹೀಗೆ ಬೆರೆತಿರುತ್ತದೆ. ಅಷ್ಟು ಬೇಕಾ ಎಂದು ಕೇಳಿದೆ. ಬ್ರೇಕಿನ ರಬ್ಬರ್ ಟ್ಯೂಬು ಅಷ್ಟು ದೂರಕ್ಕೆ ಎಟಕುತ್ತದಾ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು ಓರೆಯಾಗುವುದಿಲ್ಲವಾ, ರೋಗಿಗಳು ಕೂತಾಗ ಗಾಡಿ ಓಲಾಡುವುದಿಲ್ಲವಾ ಎಂದೂ ಕೇಳಿದೆ. ನಾಲ್ಕೇ ಪ್ರಶ್ನೆ. ಅವನು ಅಲ್ಲಿ ನಿಂತಿದ್ದ ಗಿರಾಕಿಯ ಕಡೆ ತಿರುಗಿ ನಕ್ಕ. ನನ್ನ ಅಕ್ಕನಿಗೆ ನನಗಿಂತ ಜಾಸ್ತಿ ಗೊತ್ತು ಎಂದು ತಮಿಳಿನಲ್ಲಿ ಹೇಳಿದ. ಗಿರಾಕಿಯೂ ನಕ್ಕ. ನೀನು ಒಳಗೆ ಹೋಗಿ ಊಟ ಮಾಡು ಅಂದ. ನಾನು ಹೋಗಿ ಊಟ ಮಾಡಿದೆ. ಅದಕ್ಕಾಗಿ ನನ್ನ ಮೇಲೆಯೂ ನನಗೆ ಸಿಟ್ಟಿದೆ. ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂರಬೇಕಿತ್ತು.

ಎರಡು ದಿನದಲ್ಲಿ ವ್ಯಾನು ತಯಾರಾಯಿತು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಅಮ್ಮ ನಿಂಬೆಹಣ್ಣು ಇಟ್ಟು ಚಕ್ರ ಹತ್ತಿಸಿದಳು. ತಮ್ಮ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ ಫೋಟೋ ತೆಗೆದ.

ದೇವದಾನಪಟ್ಟಿ ದಾಟುವ ಹೊತ್ತಿಗೇ ನನ್ನ ಕೈಗೆ ತಿಳಿಯಿತು. ಐವತ್ತರ ವೇಗಕ್ಕೆ ಹೋದರೆ ಸೀಟಿನ ಕೆಳಗಿನಿಂದ ನಡುಕ ಬರುತ್ತಿತ್ತು. ತಿರುವಿನಲ್ಲಿ ಗಾಡಿ ಒಂದು ಕಡೆ ವಾಲಿ, ನೇರವಾಗಲು ಒಂದು ಕ್ಷಣ ತಡ ಮಾಡುತ್ತಿತ್ತು. ಸ್ಟೇರಿಂಗ್ ಬಿಟ್ಟರೆ ತಾನಾಗಿ ಮಧ್ಯಕ್ಕೆ ಬರುತ್ತಿರಲಿಲ್ಲ. ಪೆರಿಯಕುಳದಲ್ಲಿ ನಿಲ್ಲಿಸಿ ಅವನಿಗೆ ಫೋನ್ ಮಾಡಿದೆ. ಹೊಸದಲ್ವಾ, ಓಡಿದರೆ ಸರಿಯಾಗಿ ಕೂತುಕೊಳ್ಳುತ್ತದೆ ಎಂದ. ಎರಡನೆಯ ದಿನ ಮತ್ತೆ ಮಾಡಿದೆ, ಹಿಂದಿನ ಬ್ರೇಕು ಹಿಡಿಯುತ್ತಿಲ್ಲ ಅನ್ನಿಸುತ್ತಿದೆ ಎಂದೆ. ನಿನಗೆ ಎತ್ತರದ ಗಾಡಿ ಅಭ್ಯಾಸವಿಲ್ಲ, ಅದಕ್ಕೆ ಭಯ ಎಂದ. ಮೂರನೆಯ ಸಲ ಅವನು ಫೋನ್ ಎತ್ತಲಿಲ್ಲ.

ಹಳ್ಳದ ಕಲ್ಲನ್ನು ವ್ಯಾನು ಸದ್ದಿಲ್ಲದೆ ದಾಟುತ್ತಿತ್ತು. ಮಾವ ಖುಷಿಯಾಗಿದ್ದರು. ಅದೊಂದನ್ನೇ ನೋಡಿಕೊಂಡು ನಾನು ಮಿಕ್ಕದ್ದಕ್ಕೆ ಕಣ್ಣು ಮುಚ್ಚಿದೆ.

ಆರನೆಯ ದಿನ ಬುಧವಾರ. ಉತ್ತಮಪಾಳ್ಯ ದಾಟಿ ಚಿನ್ನಮನೂರಿನ ಕಡೆ ಹೋಗುತ್ತಿದ್ದೆವು. ಮುಂದೆ ಬಸ್ಸು ಕೈ ಅಡ್ಡ ಹಾಕಿದವರನ್ನು ಹತ್ತಿಸಿಕೊಳ್ಳಲು ನಿಂತಿತು. ಬೇಕಾದಷ್ಟು ಜಾಗವಿತ್ತು. ಎಡಕ್ಕೆ ಸ್ವಲ್ಪ ತಿರುಗಿಸಿ ಬ್ರೇಕು ಒತ್ತಿದೆ. ಪಟ್ ಎಂದು ಒಂದು ಸದ್ದು. ಪೆಡಲು ನೆಲದವರೆಗೆ ಹೋಯಿತು, ಅಡಿಯಲ್ಲಿ ಒಂಚೂರು ಹಿಡಿತ ಉಳಿದಿತ್ತು ಅಷ್ಟೆ. ಬಸ್ಸಿನ ಹಿಂಬದಿ ಹತ್ತಿರವಾಗುತ್ತಿತ್ತು. ಗೇರು ಎರಡಕ್ಕೆ ತಳ್ಳಿದೆ, ಕೈಬ್ರೇಕು ಎಳೆದೆ, ರಸ್ತೆ ಬಿಟ್ಟು ಕೆಳಗಿಳಿಸಿದೆ. ವ್ಯಾನು ಬಲಕ್ಕೆ ವಾಲಿತು. ಎರಡು ಚಕ್ರ ನೆಲ ಬಿಟ್ಟಿದ್ದವು ಎಂದು ಬಸ್ಸಿನವರು ಆಮೇಲೆ ಹೇಳಿದರು. ಅದು ಮಗುಚದೆ ಮತ್ತೆ ಕೂತು, ಬಾಳೆತೋಟದ ಬೇಲಿಗೆ ಒರಗಿ ನಿಂತಿತು.

ಅತ್ತೆಯ ಹಣೆ ಕಿಟಕಿಗೆ ಬಡಿದು ಹುಬ್ಬಿನ ಮೇಲೆ ಸೀಳಿತ್ತು. ಮಾವ ಸೀಟಿನಿಂದ ಕೆಳಗೆ ಜಾರಿ ಬಿದ್ದಿದ್ದರು. ಅವರ ಹೆಂಡತಿ ಅವರನ್ನು ಎತ್ತುತ್ತಾ ನನ್ನನ್ನು ನೋಡಿದ ನೋಟ ಈಗಲೂ ನೆನಪಾಗುತ್ತದೆ. ಅತ್ತೆ ಮಾತ್ರ ಬಲಗೈಯಿಂದ ತನ್ನ ಎಡಗೈಯನ್ನೇ ಎದೆಗೆ ಅವಚಿಕೊಂಡಿದ್ದಳು. ನಾನು ಹತ್ತಿರ ಹೋದಾಗ ಕಣ್ಣಿಗೆ ಇಳಿಯುತ್ತಿದ್ದ ರಕ್ತವನ್ನು ಒರೆಸಿಕೊಳ್ಳದೆ ಕೇಳಿದಳು:

"ವಂಡಿ ಸರಿಯಿಲ್ಲ ಅಂತ ನಿನ್ಗೆ ಗೊತ್ತಿತ್ತಾ?"

ಗೊತ್ತಿತ್ತು ಅತ್ತೆ ಎಂದೆ. ಅವಳು ತಲೆಯಾಡಿಸಿ, ಬಸ್ಸಿನ ಕಡೆ ಮುಖ ತಿರುಗಿಸಿದಳು. ಅದೇ ಬಸ್ಸಿನವರು ಮೂವರನ್ನೂ ಹತ್ತಿಸಿಕೊಂಡು ಹೋದರು. ತೇನಿಯಲ್ಲಿ ಅವಳ ಹಣೆಗೆ ಐದು ಹೊಲಿಗೆ ಹಾಕಿದ ಮೇಲೆ ಡಯಾಲಿಸಿಸ್ ಮಾಡಿದರಂತೆ. ನಾನು ರಸ್ತೆಯಲ್ಲಿ, ವ್ಯಾನಿನ ಪಕ್ಕ ನಿಂತಿದ್ದೆ.

ಚಿನ್ನಮನೂರಿನಿಂದ ಒಬ್ಬ ಮೆಕ್ಯಾನಿಕ್ ಬಂದ. ಮುಂದಿನ ಬಲ ಚಕ್ರದ ಬ್ರೇಕ್ ಟ್ಯೂಬು ಹರಿದಿತ್ತು. ಅವನು ಗಾಡಿಯ ಕೆಳಗೆ ಬಗ್ಗಿ ಟಾರ್ಚು ಹಾಕಿದವನು ಹಾಗೇ ಎದ್ದು ನಿಂತ. ಇದಕ್ಕೆ ನಾನು ಕೈ ಹಾಕುವುದಿಲ್ಲ ಅಕ್ಕ, ಟ್ಯೂಬು ಬದಲಿಸಿಕೊಟ್ಟರೆ ನಾಳೆ ಇನ್ನೊಂದು ಹರಿಯುತ್ತದೆ ಎಂದ. ದಿಂಡಿಗಲ್‌ನಲ್ಲಿ ಒಬ್ಬರು ಹಳೆಯ ಸ್ಪ್ರಿಂಗ್ ಕೆಲಸದವರಿದ್ದಾರೆ, ಅವರ ಹತ್ತಿರ ಹೋಗಿ ಎಂದು ವಿಳಾಸ ಬರೆದುಕೊಟ್ಟ. ಬಾಳೆಗೊನೆ ಇಳಿಸಿ ಖಾಲಿ ಹೋಗುತ್ತಿದ್ದ ಲಾರಿಯ ಮೇಲೆ ವ್ಯಾನು ಹತ್ತಿಸಿ, ನಾನೂ ಅದರ ಡ್ರೈವರ್ ಪಕ್ಕ ಕೂತು ದಿಂಡಿಗಲ್‌ಗೆ ಹೋದೆ. ದಾರಿಯಲ್ಲಿ ಬತ್ತಲಗುಂಡು ಬಂತು. ತಮ್ಮನ ವರ್ಕ್‌ಶಾಪಿನ ಬೋರ್ಡು ಕಂಡಿತು. ನಿಲ್ಲಿಸಿ ಎನ್ನಲಿಲ್ಲ. ನಿಲ್ಲಿಸಿದ್ದರೆ ಆಗ ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದೆ.

ಸ್ಪ್ರಿಂಗ್ ಕೆಲಸದ ಹಿರಿಯರಿಗೆ ಎಪ್ಪತ್ತರ ಮೇಲೆ ವಯಸ್ಸು. ತಗಡಿನ ಶೆಡ್ಡು, ಒಳಗೊಂದು ಕುಲುಮೆ, ಗೋಡೆಗೆ ಸಾಲಾಗಿ ಒರಗಿಸಿಟ್ಟ ಲಾರಿ ಸ್ಪ್ರಿಂಗಿನ ಪಟ್ಟಿಗಳು. ನಾನು ಗಂಡನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು, ನೀವೂ ನಮ್ಮ ಮಾತೇ ಆಡ್ತೀರಲ್ಲ ತಾಯಿ ಎಂದರು. ಅವರ ಮನೆಯದೂ ಕನ್ನಡವೇ, ಆದರೆ ನಮ್ಮ ಕಣಿವೆಯದಕ್ಕಿಂತ ಬೇರೆ ರಾಗ. ಅದನ್ನು ಬಿಟ್ಟು ಅವರು ಬೇರೆ ಕುಶಲ ಕೇಳಲಿಲ್ಲ.

ಮೊದಲು ಚಕ್ರಗಳಿಗೆ ಮರದ ತಡೆ ಕೊಟ್ಟರು. ಜಾಕಿಯಲ್ಲಿ ಎತ್ತಿ, ನಾಲ್ಕು ಕಡೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಭುಜ ಕೊಟ್ಟು ಗಾಡಿಯನ್ನು ಅಲುಗಾಡಿಸಿ ನೋಡಿದರು. ಅದು ಅಲುಗದೆ ನಿಂತ ಮೇಲೆಯೇ ಕೆಳಗೆ ಹೋದರು. ತಮ್ಮನ ಶೆಡ್ಡಿನಲ್ಲಿ ನನ್ನ ವ್ಯಾನು ಸಿಮೆಂಟ್ ಇಟ್ಟಿಗೆಯ ಮೇಲೆ ನಿಂತಿದ್ದದ್ದು ನನಗೆ ಆಗ ನೆನಪಾಯಿತು. ಅದರ ಕೆಳಗೆ ಅವನೂ ಮಲಗಿದ್ದ. ಅದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು. ತನ್ನ ಪ್ರಾಣದ ಮೇಲೂ ಅವನಿಗೆ ಇಷ್ಟೇ ಲಕ್ಷ್ಯ.

ಹಿರಿಯರು ನನ್ನನ್ನೂ ಕೆಳಗೆ ಕರೆದರು. ಗೋಣಿಚೀಲ ಹಾಸಿ ಮಲಗಿ ನೋಡಿದೆ. ಹಿಂದಿನ ಆಕ್ಸಲ್ಲಿಗೂ ಸ್ಪ್ರಿಂಗ್ ಪಟ್ಟಿಗೂ ನಡುವೆ ಒಂದರ ಮೇಲೊಂದು ಮೂರು ಕಬ್ಬಿಣದ ತುಂಡು ಪೇರಿಸಿ, ಜಾರದಿರಲಿ ಎಂದು ಅಲ್ಲಲ್ಲಿ ವೆಲ್ಡಿಂಗ್ ಚುಕ್ಕೆ ಇಟ್ಟಿದ್ದ. ಅವನ್ನು ಹಿಡಿದಿದ್ದ ಯು ಆಕಾರದ ಬೋಲ್ಟು ಗಿಡ್ಡವಾಗಿ, ನಟ್ಟು ಅರ್ಧ ತಿರುಪಿನವರೆಗೆ ಮಾತ್ರ ಕಚ್ಚಿಕೊಂಡಿತ್ತು. ಒಂದು ವೆಲ್ಡಿಂಗ್ ಆಗಲೇ ಬಿರುಕು ಬಿಟ್ಟಿತ್ತು. ಮುಂದೆ, ಸ್ಪ್ರಿಂಗಿನ ತಲೆಯ ಮೇಲೆ ದಪ್ಪ ಬಿಲ್ಲೆ ತುರುಕಿದ್ದ. ಬ್ರೇಕಿನ ಟ್ಯೂಬು ಹಳೆಯ ಉದ್ದದ್ದೇ. ಇನ್ನೊಂದು ಕಡೆಯದು ವೀಣೆಯ ತಂತಿಯಷ್ಟು ಬಿಗಿಯಾಗಿತ್ತು.

ಹಿಂದಿನ ಬ್ರೇಕು ಹಿಡಿಯದಿದ್ದುದಕ್ಕೂ ಕಾರಣ ತೋರಿಸಿದರು. ವ್ಯಾನು ಭಾರಕ್ಕೆ ಎಷ್ಟು ಕುಸಿದಿದೆ ಎಂದು ನೋಡಿ, ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕು ಕಳಿಸಬೇಕೆಂದು ನಿರ್ಧರಿಸುವ ಒಂದು ಚಿಕ್ಕ ವಾಲ್ವ್ ಇರುತ್ತದೆ. ಮೈಯನ್ನು ಎತ್ತರಿಸಿ ವಾಲ್ವನ್ನು ಹಾಗೇ ಬಿಟ್ಟರೆ, ಅದು ಗಾಡಿ ಖಾಲಿಯಿದೆ ಎಂದು ತಿಳಿದು ಬ್ರೇಕು ಕಡಿಮೆ ಮಾಡುತ್ತದೆ. ಅಂದರೆ ಅಷ್ಟು ದಿನ ನಾನು ಮೂವರನ್ನು ಕೂರಿಸಿಕೊಂಡು ಹೆಚ್ಚುಕಡಿಮೆ ಮುಂದಿನ ಎರಡು ಚಕ್ರದ ಬ್ರೇಕಿನಲ್ಲೇ ಓಡಾಡಿದ್ದೆ. ನನಗೆ ಭಯ ಎಂದು ತಮ್ಮ ಅಂದಿದ್ದನಲ್ಲ, ಆ ಭಯ ಸರಿಯಾಗಿಯೇ ಇತ್ತು.

ಹಿರಿಯರು ಎದ್ದು ಕೈ ಒರೆಸಿಕೊಂಡು ಕೇಳಿದರು:

"ಆ ಕಲ್ಲು ಎಷ್ಟು ಏತ್ರ ಐತೆ ತಾಯಿ?"

"ಅಳ್ದಿಲ್ಲ ಅಯ್ಯ."

"ಅಳೀದೆ ನಾಲ್ಕಿಂಚು ಅಂತ ಎಂಗೆ ಮುಡಿವು ಮಾಡಿದ್ರಿ?"

ಮುಡಿವು ಎಂದರೆ ತೀರ್ಮಾನ. ಅಷ್ಟು ದಿನದಲ್ಲಿ ತಮ್ಮನೂ ಅಳೆದಿರಲಿಲ್ಲ, ನಾನೂ ಅಳೆದಿರಲಿಲ್ಲ. ಗಂಡನಿಗೆ ಫೋನ್ ಮಾಡಿದೆ. ಅವರು ಪಕ್ಕದ ಮನೆಯವರನ್ನು ಜೊತೆಗೆ ಕರೆದುಕೊಂಡು ಹಳ್ಳಕ್ಕೆ ಹೋಗಿ ಟೇಪು ಹಿಡಿದು ಹೇಳಿದರು. ಹಿರಿಯರು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಲೆಕ್ಕ ಹಾಕಿದರು. ಬೇಕಾಗಿದ್ದದ್ದು ಒಂದೂವರೆ ಇಂಚು. ಕಲ್ಲಿಗೆ ಬಡಿಯುತ್ತಿದ್ದದ್ದು ವ್ಯಾನಿನ ಹೊಟ್ಟೆಯೂ ಅಲ್ಲ, ಕೊಂಡಿ ಸಡಿಲವಾಗಿ ಜೋತುಬಿದ್ದ ಸೈಲೆನ್ಸರ್ ಪೈಪು. ಮೇಲಾಗಿ, ವರ್ಷಗಟ್ಟಲೆ ದ್ರಾಕ್ಷಿ ಹೊತ್ತು ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬೆನ್ನು ಬಾಗಿ ಚಪ್ಪಟೆಯಾಗಿದ್ದವು. ಗಾಡಿ ಮಾಡಿದವರು ಕೊಟ್ಟಿದ್ದ ಎತ್ತರವನ್ನು ಮರಳಿ ತಂದರೆ ಮುಕ್ಕಾಲು ಪಾಲು ಕೆಲಸ ಆಗಿಹೋಗುತ್ತಿತ್ತು.

ಅದಕ್ಕಿಂತ ಹೆಚ್ಚು ಮಾಡಲು ಅವರು ಒಪ್ಪಲಿಲ್ಲ. ಜೀಪಿನ ಕೆಲಸ ಬೇರೆ, ಜನ ಕೂರುವ ವ್ಯಾನಿನ ಕೆಲಸ ಬೇರೆ ಎಂದರು. ಮೈ ಎತ್ತರ, ಅಗಲ ಕಡಿಮೆ, ಎಷ್ಟು ಎತ್ತಿದರೆ ಅಷ್ಟು ಮಗುಚುವ ಗಾಡಿ ಇದು. ಎರಡೇ ಚಕ್ರ ಎಳೆಯುವ ಗಾಡಿ ಎತ್ತರವಾದ ಮಾತ್ರಕ್ಕೆ ಕಾಡು ದಾರಿ ಹತ್ತುವುದೂ ಇಲ್ಲ. ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ ಎಂದು ನನ್ನನ್ನು ಕಳಿಸಿದರು. ಹೋದೆ. ಅಲ್ಲಿನ ಇನ್‌ಸ್ಪೆಕ್ಟರು ಕಾಗದ ನೋಡಿ, ಸವೆದ ಸ್ಪ್ರಿಂಗಿಗೆ ಅದೇ ಅಳತೆಯ ಹೊಸದು ಹಾಕುವುದಕ್ಕೆ ಅಡ್ಡಿಯಿಲ್ಲ, ಅದನ್ನು ಮೀರಿ ಗಾಡಿಯ ಎತ್ತರ ಬದಲಿಸಿದರೆ ಅನುಮತಿ ಬೇಕು, ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಕೈಬಿಡುತ್ತಾರೆ ಎಂದರು. ತಮ್ಮನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ.

ಮೂರು ದಿನ ನಾನು ಆ ಶೆಡ್ಡಿನಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದೆ. ರಾತ್ರಿ ಹತ್ತಿರದ ಸಂಬಂಧಿಕರ ಮನೆಗೆ ಹೋಗಿ ಬೆಳಿಗ್ಗೆ ಬರುತ್ತಿದ್ದೆ. ಹಿಂದಿನ ಪಟ್ಟಿಗಳನ್ನು ಬಿಚ್ಚಿ, ಸೀಳಿದ್ದ ಒಂದನ್ನು ಬದಲಿಸಿ, ಉಳಿದವನ್ನು ಕಾಯಿಸಿ ಬಾಗಿಸಿ ಹದ ಕೊಟ್ಟರು. ಮುಂದಕ್ಕೆ ಬಿಲ್ಲೆ ತೆಗೆದು ಕಂಪನಿಯ ಅಳತೆಯ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್. ಹೊಸ ಯು ಬೋಲ್ಟು, ಹಳೆಯದನ್ನು ಮತ್ತೆ ಬಿಗಿಯಲು ಒಪ್ಪಲೇ ಇಲ್ಲ. ಬ್ರೇಕಿನ ನಾಲ್ಕೂ ಕಡೆ ಹೊಸ ಟ್ಯೂಬು. ಸೈಲೆನ್ಸರ್ ಪೈಪು ಮೇಲಕ್ಕೆ ಹೋಗಿ ಅದರ ಜಾಗದಲ್ಲಿ ಕೂತಿತು.

ಆಮೇಲೆ ಒಂದು ಪರೀಕ್ಷೆ ಮಾಡಿದರು. ಚಕ್ರಗಳನ್ನು ಗಾಳಿಯಲ್ಲಿ ಜೋತುಬಿಟ್ಟು, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಲು ನನಗೆ ಹೇಳಿ, ತಾವು ಕೆಳಗೆ ಕೂತು ಬ್ರೇಕಿನ ಟ್ಯೂಬಿನಲ್ಲಿ ಸಡಿಲ ಉಳಿದಿದೆಯಾ, ಎಲ್ಲಾದರೂ ಉಜ್ಜುತ್ತದಾ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಐದು ನಿಮಿಷದ ಕೆಲಸ. ಆ ಐದು ನಿಮಿಷವನ್ನು ನನ್ನ ತಮ್ಮ ಕೊಟ್ಟಿದ್ದರೆ ಅತ್ತೆಯ ಹಣೆಯಲ್ಲಿ ಇವತ್ತು ಆ ಗಾಯದ ಗೆರೆ ಇರುತ್ತಿರಲಿಲ್ಲ. ಕೊನೆಗೆ ನನ್ನ ಪ್ರಯಾಣಿಕರಷ್ಟೇ ತೂಕದ ಮರಳಿನ ಮೂಟೆಗಳನ್ನು ಸೀಟಿನ ಮೇಲೆ ಹೇರಿ, ಆ ಭಾರದಲ್ಲಿ ವಾಲ್ವ್ ಸರಿಮಾಡಿ, ಚಕ್ರದ ಅಲೈನ್‌ಮೆಂಟ್ ನೋಡಿಸಿ, ದೀಪದ ಬೆಳಕು ಎದುರಿನವರ ಕಣ್ಣಿಗೆ ಬೀಳದ ಹಾಗೆ ತಗ್ಗಿಸಿ, ಖಾಲಿ ಮೈದಾನದಲ್ಲಿ ಹತ್ತು ಸಲ ನನ್ನ ಕೈಯಲ್ಲೇ ಬ್ರೇಕು ಹಾಕಿಸಿದರು. ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನು ಮತ್ತೆ ಬಿಗಿಸಬೇಕು, ಮರೆಯಬೇಡಿ ಎಂದರು.

ಬಿಚ್ಚಿದ ಕಬ್ಬಿಣದ ತುಂಡುಗಳನ್ನು ಗೋಣಿಚೀಲದಲ್ಲಿ ಹಾಕಿಸಿಕೊಂಡು ನಾನು ನೇರ ಬತ್ತಲಗುಂಡಿಗೆ ಹೋದೆ. ಹೊತ್ತು ಹನ್ನೊಂದಿರಬೇಕು. ತಮ್ಮ ಒಂದು ಜೀಪಿನ ಮುಂದೆ ಕೂತಿದ್ದ. ಅವನ ಕಾಲ ಬಳಿ ಚೀಲ ಸುರಿದೆ. ಸದ್ದಿಗೆ ಅಮ್ಮ ಒಳಗಿನಿಂದ ಬಂದಳು.

"ಚಕ್ರ ತೂಗಾಕಿ ಸ್ಟೇರಿಂಗ್ ತಿರುಗ್ಸಿ ನೋಡ್ದ್ಯಾ ನೀನು?"

"ಅಕ್ಕ, ನಾ ಎಷ್ಟೋ ವಂಡಿ ಏತ್ರುಸಿವ್ನಿ. ಇದುವರ್ಗೂ ಯಾರೂ ಬಂದು ಕೇಳಿಲ್ಲ."

"ಅದನ್ನ ಕೇಳ್ಲಿಲ್ಲ ನಾನು. ನೋಡ್ದ್ಯಾ, ಇಲ್ವಾ?"

ಅವನು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತ. ಆಮೇಲೆ ಇಲ್ಲ ಎಂದ. ಅಕ್ಕನ ಗಾಡಿಯೆಂದು ಬೇಗ ಮುಗಿಸಿಕೊಟ್ಟೆ ಎಂದೂ ಸೇರಿಸಿದ. ಅದೊಂದು ಉಪಕಾರ ಎನ್ನುವ ಹಾಗೆ.

ಆಗ ಅಮ್ಮ ನಡುವೆ ಬಂದು, ಯಾರ ಪ್ರಾಣಕ್ಕೂ ಏನೂ ಆಗಲಿಲ್ಲವಲ್ಲ, ಸಣ್ಣವನು, ಬಿಡು ಎಂದಳು. ನಲವತ್ತನಾಲ್ಕು ವರ್ಷದ ಸಣ್ಣವನು. ಅಂದು ನನಗೆ ಅವನಿಗಿಂತ ಅಮ್ಮನ ಮೇಲೆ ಹೆಚ್ಚು ಸಿಟ್ಟು ಬಂತು. ಮನಸ್ಸಿನ ಅಡಿಯಲ್ಲಿ ಕೂತಿದ್ದದ್ದೆಲ್ಲ ಎದ್ದು ಬಂತು. ಗಾಡಿಯ ಕೆಲಸ ಗೊತ್ತಿದ್ದದ್ದು ನನಗೆ, ಓದಿಸಿದ್ದು ಇವನನ್ನು, ಓದಿದವನಿಗೆ ಒಂದು ಟ್ಯೂಬು ಅಳೆಯಲು ಬರಲಿಲ್ಲ, ನಾನು ಕೇಳಿದರೆ ಹೋಗಿ ಊಟ ಮಾಡು ಅಂದ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಳು. 

ಇದೇ ರೀತಿ ತುಂಡು ಪೇರಿಸಿ ಕಳಿಸಿದ ಗಾಡಿ ಇನ್ನೆಷ್ಟಿವೆ ಎಂದು ತಮ್ಮನನ್ನು ಕೇಳಿದೆ. ನಾಲ್ಕು ಎಂದ. ಅವರಿಗೆಲ್ಲ ಈಗಲೇ ಫೋನ್ ಮಾಡಿ ಗಾಡಿ ನಿಲ್ಲಿಸಿ ಎಂದು ಹೇಳು ಎಂದೆ. ಒಂದು ಫೋನ್ ಮಾಡಿದ, ಆ ಕಡೆಯವರು ಏನೋ ಬೈದಿರಬೇಕು, ಮುಖ ಕೆಂಪಗಾಯಿತು. ಆಮೇಲೆ ಮಾಡುತ್ತೇನೆ ಎಂದು ಫೋನ್ ಜೇಬಿಗೆ ಹಾಕಿಕೊಂಡ. ಗಿರಾಕಿಗಳ ನಂಬರುಗಳನ್ನು ಮಾಡಿದ ಕೆಲಸದ ಸಮೇತ ಗೋಡೆಯ ಮೇಲೆ ಬರೆದಿಟ್ಟಿದ್ದ. ನಾನು ಅದರ ಫೋಟೋ ತೆಗೆದುಕೊಂಡೆ. ಅವನು ನೋಡುತ್ತಿದ್ದ ಹಾಗೆಯೇ ಮಿಕ್ಕ ಮೂವರಿಗೂ ನಾನೇ ಫೋನ್ ಮಾಡಿದೆ. ನನಗೆ ಏನಾಯಿತೆಂದು ಹೇಳಿದೆ, ಗಾಡಿಯನ್ನು ಬೇರೆ ಯಾರಿಗಾದರೂ ತೋರಿಸಿ ಎಂದೆ. ಇಬ್ಬರು ಅವತ್ತೇ ನಿಲ್ಲಿಸಿದರು. ಮೂರನೆಯವರು ಎತ್ತಲಿಲ್ಲ. ಹತ್ತು ದಿನ ಬಿಡದೆ ಮಾಡಿದ ಮೇಲೆ ಎತ್ತಿದರು, ಗಾಡಿ ಮಾರಿಬಿಟ್ಟಿದ್ದೇನೆ ಎಂದರು. ಯಾರಿಗೆ ಎಂದು ಹೇಳಲಿಲ್ಲ. ಆ ಗಾಡಿ ಈಗ ಎಲ್ಲಿ ಓಡುತ್ತಿದೆಯೋ.

ನಾನು ಮಾಡಿದ್ದು ಹೆಚ್ಚಾಯಿತು ಎಂದು ಮನೆಯವರೆಲ್ಲ ಹೇಳುವುದು ಇದಕ್ಕೇ. ಅಕ್ಕನೇ ನನ್ನ ಬಾಯಿಗೆ ಮಣ್ಣು ಹಾಕಿದಳು ಎಂದು ಸಂಬಂಧಿಕರ ಮುಂದೆಲ್ಲ ತಮ್ಮ ಹೇಳಿಕೊಂಡ. ಕೆಲವು ತಿಂಗಳು ಅವನ ಶೆಡ್ಡಿಗೆ ಜನ ಕಡಿಮೆಯಾದದ್ದು ನಿಜ. ಈಗ ಮತ್ತೆ ಬರುತ್ತಿದ್ದಾರಂತೆ. ಎತ್ತರಿಸುವ ಕೆಲಸ ಬಿಟ್ಟಿದ್ದಾನೆ, ಎಂಜಿನ್ ಕೆಲಸ ಮಾತ್ರ ಮಾಡುತ್ತಾನೆ ಎಂದು ಅಮ್ಮ ಹೇಳಿದಳು. ತಪ್ಪಾಯಿತು ಎಂದು ಅವನ ಬಾಯಿಂದ ನಾನು ಕೇಳಿಲ್ಲ. ಅತ್ತೆಯ ಮನೆಗೆ ಒಂದು ಸಲ ಹೋಗಿ ಬಾ ಎಂದಿದ್ದೆ. ಹೋಗಿಲ್ಲ.

ನಾನು ಹೋದೆ. ಮಾವನ ಮನೆಗೂ ಹೋದೆ, ಅತ್ತೆಯ ಮನೆಗೂ ಹೋದೆ. ವ್ಯಾನು ಊರಿಗೆ ಮರಳಿದ ಎರಡು ದಿನಕ್ಕೇ ಮಾವ ಹತ್ತಿದರು, ಅವರ ಹೆಂಡತಿ ಮಾತ್ರ ದಾರಿಯುದ್ದಕ್ಕೂ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಿದ್ದರು. ಅತ್ತೆ ಬರಲಿಲ್ಲ. ಒಂದು ತಿಂಗಳು ಬಸ್ಸಿನಲ್ಲಿ ಹೋದಳು. ಡಯಾಲಿಸಿಸ್ ಮುಗಿಸಿ, ತಲೆ ಸುತ್ತುತ್ತಾ, ತೇನಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವಳು ಮಲಗಿದ್ದನ್ನು ನಾನು ಒಂದು ದಿನ ಕಂಡೆ. ಇಳಿದು ಹೋಗಿ ಕರೆದೆ. ಅವಳು ಕಣ್ಣು ತೆರೆದು, ಬಸ್ಸು ಬರುತ್ತದೆ ನೀನು ಹೋಗು ಎಂದಳು. ಆ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಅದಾದ ಮುಂದಿನ ವಾರ ಬೆಳಿಗ್ಗೆ ಅವಳೇ ಬೀದಿಯ ತುದಿಯಲ್ಲಿ ನಿಂತಿದ್ದಳು. ವ್ಯಾನು ನಿಲ್ಲಿಸಿದೆ. ಹತ್ತುವ ಮುಂಚೆ ಬಾಗಿಲು ಹಿಡಿದು ಕೇಳಿದಳು, ಕೆಳಗೆ ನೋಡಿದ್ಯಾ ಎಂದು. ನೋಡಿದೆ ಅತ್ತೆ ಎಂದೆ. ಏನು ನೋಡಿದೆ ಎಂದಳು. ಟ್ಯೂಬು ನಾಲ್ಕು, ಬೋಲ್ಟು ಎಂಟು, ಎಣ್ಣೆ ಸೋರಿಕೆ ಇಲ್ಲ, ಪೆಡಲು ಗಟ್ಟಿಯಿದೆ ಎಂದು ಒಪ್ಪಿಸಿದೆ. ಅವಳು ಹತ್ತಿ ಕೂತಳು. ವ್ಯಾನು ಹಳ್ಳದ ಕಲ್ಲಿಗೆ ತಾಗದೆ ದಾಟಿತು. ಈಗಲೂ ಪ್ರತಿ ಸಲ ಕೇಳುತ್ತಾಳೆ. ನಗುವುದಿಲ್ಲ, ತಮಾಷೆಗಲ್ಲ. ನಾನೂ ಪ್ರತಿ ಸಲ ಒಪ್ಪಿಸುತ್ತೇನೆ.

ಹೋದ ತಿಂಗಳು ತಮ್ಮನ ಮಗಳಿಗೆ ಕಿವಿ ಚುಚ್ಚಿಸಿದರು. ಸೋದರತ್ತೆ ಬರದಿದ್ದರೆ ಜನ ಏನಂದುಕೊಳ್ಳುತ್ತಾರೆ ಎಂದು ಅಮ್ಮ ಅತ್ತಳು. ಮಗುವಿನ ಮೇಲೆ ನನಗೇನು ಸಿಟ್ಟು, ಹೋದೆ. ಮಗುವಿಗೆ ಹೊಸ ಲಂಗ ಕೊಟ್ಟೆ, ಎತ್ತಿ ಮುದ್ದು ಮಾಡಿದೆ. ಪಂಕ್ತಿಯಲ್ಲಿ ಕೂತಾಗ ತಮ್ಮನೇ ಪಾಯಸದ ಪಾತ್ರೆ ಹಿಡಿದು ಬಂದ. ನನ್ನ ಎಲೆಯ ಮುಂದೆ ನಿಂತ.

"ಅಕ್ಕ, ಇನ್ನೊಂಚೂರು?"

ಸಾಕು ಎಂದೆ. ಅವನು ಒಂದು ಕ್ಷಣ ನಿಂತಿದ್ದು ಪಕ್ಕದ ಎಲೆಗೆ ಹೋದ.